ಅಮ್ಮನ ಮೂಗು, ನನ್ನ ಎರಡು ಮೇಜರ್‌ಗಳು

ಡಿಗ್ರಿಯಲ್ಲಿ ನಾನು ಎರಡು ಮೇಜರ್ ತೆಗೆದುಕೊಂಡೆ. ಒಂದು ಕನ್ನಡ ಸಾಹಿತ್ಯ, ಇನ್ನೊಂದು ನರವಿಜ್ಞಾನ. ಯಾಕೆ ಎಂದು ಮಾತ್ರ ಕೇಳಬೇಡಿ, ಮುಳಬಾಗಿಲಿನಿಂದ ಕೋಲಾರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಪಕ್ಕ ಕೂತವರೆಲ್ಲ ಕೇಳಿ ಆಗಿದೆ. ನಮ್ಮದು ಬೈರಕೂರು ಕಡೆಯ ಹಳ್ಳಿ. ಅಲ್ಲಿ ‘ನರ’ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಕಾಯಿತು, ಸೊಂಟ ಹಿಡಿದವರು, ಕತ್ತು ಉಳುಕಿದವರು ಭಾನುವಾರ ನಮ್ಮ ಜಗಲಿಗೆ ಬಂದು ಕೂರತೊಡಗಿದರು. ನಾನು ಓದುವುದು ಮಿದುಳಿನ ವಿಷಯ ಎಂದರೆ, ಮಿದುಳಿನಿಂದಲೇ ತಾನೇ ಸೊಂಟಕ್ಕೆ ಬರೋದು ಎನ್ನುತ್ತಿದ್ದರು. ಅವರು ಹೇಳುವುದು ಸರಿಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಎರಡನೇ ವರ್ಷ, ಅವರೆಕಾಯಿ ಕಾಲದಲ್ಲಿ ಅಮ್ಮನಿಗೆ ಜ್ವರ ಬಂತು. ಜ್ವರ ವಾಸಿಯಾಯಿತು, ಆದರೆ ಮೂಗಿಗೆ ವಾಸನೆ ಹತ್ತುವುದು ನಿಂತುಹೋಯಿತು. ಅಮ್ಮ ಯಾರಿಗೂ ಹೇಳಲಿಲ್ಲ. ನಮ್ಮ ಕಡೆ ಅವರೆಕಾಯಿಗೆ ಸೊಗಡೇ ಮುಖ್ಯ. ಒಂದು ಕಾಯಿ ಕೈಗೆತ್ತಿ, ಮೂಸಿ, ಮುಖ ಸಿಂಡರಿಸಿ, ಆಮೇಲೆ ಚೌಕಾಸಿಗೆ ನಿಲ್ಲುವ ಹೆಂಗಸು ಆ ಸಲ ಮೂಸದೆಯೇ ಚೀಲಕ್ಕೆ ಸುರಿಸಿಕೊಂಡಳು. ಆಗಲೇ ನನಗೆ ಅನುಮಾನ ಬಂದಿತ್ತು. ಹಾಲು ಸೀದು ಅಡುಗೆಮನೆಯೆಲ್ಲ ಕಮಟಿದರೂ ಪಕ್ಕದಲ್ಲೇ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದ ದಿನ ಸಿಕ್ಕಿಬಿದ್ದಳು. ಕೋಲಾರದ ಡಾಕ್ಟರು, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಹೋದರೆ ಹೋಗಲಿ, ಕಣ್ಣು ನೆಟ್ಟಗಿದೆಯಲ್ಲ ಎಂದು ಅಮ್ಮ ಕೈಕೊಡವಿದಳು.

ಆ ಧೈರ್ಯ ಅಕ್ಕನ ಹೆರಿಗೆಯವರೆಗೆ ಮಾತ್ರ ಇತ್ತು. ಮಾಲೂರಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣುಮಗು, ಎರಡೂ ಕೆನ್ನೆ ಬನ್ನು. ಮನೆಯ ತುಂಬ ಸಾಂಬ್ರಾಣಿ ಹೊಗೆ, ಹರಳೆಣ್ಣೆ, ಬಜೆ. ಅಮ್ಮ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು, ಒರೆಸುತ್ತಿದ್ದಳು, ನೆತ್ತಿಗೆ ಮೂಗೊತ್ತಿ ಸುಮ್ಮನೆ ಕೂರುತ್ತಿದ್ದಳು. ಒಂದು ದಿನ ನನ್ನನ್ನು ಹತ್ತಿರ ಕರೆದು, ಅಕ್ಕನಿಗೆ ಕೇಳಿಸದ ಹಾಗೆ, ಮಗು ವಾಸನೆ ಹೇಗಿದೆ ಹೇಳು ಎಂದಳು.

ಸಾಹಿತ್ಯದ ವಿದ್ಯಾರ್ಥಿನಿ, ಕೇಳಬೇಕೆ! ಹಾಲು ಎಂದೆ, ಎಳೆ ಬಿಸಿಲಿನಲ್ಲಿ ಒಣಗಿದ ಬಟ್ಟೆ ಎಂದೆ, ಸಾಂಬ್ರಾಣಿ ಆರಿದ ಮೇಲೆ ಉಳಿಯುವ ಘಮ ಎಂದೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

“ಅದು ಎಲ್ಲಾ ಮಕ್ಕಳಿಗೂ ಇರೋದೇ ಕಣೇ. ಇವಳದ್ದು ಹೇಳು. ನಿಮ್ಮಕ್ಕಂದೇ ಬೇರೆ ಇತ್ತು, ನಿಂದೇ ಬೇರೆ ಇತ್ತು.”

ಮಗುವಿನ ನೆತ್ತಿ ಎಷ್ಟು ಸಲ ಮೂಸಿದರೂ ಒಂದು ಪದ ಹುಟ್ಟಲಿಲ್ಲ. ಅಮ್ಮ ಮಗುವನ್ನು ತೊಟ್ಟಿಲಿಗೆ ಹಾಕಿ ಎದ್ದುಹೋದಳು. ಐದನೇ ತಿಂಗಳಿಗೆ ಅಕ್ಕ, ಮಗು ಮಾಲೂರಿಗೆ ಹೊರಟುಬಿಡುತ್ತಾರೆ, ಅಷ್ಟರೊಳಗೆ ಅಮ್ಮನಿಗೆ ಆ ಒಂದು ವಾಸನೆ ಸಿಗದಿದ್ದರೆ ಹೇಗೆ ಎಂದು ನಾನು ದಿನ ಎಣಿಸತೊಡಗಿದೆ.

ಕನ್ನಡ ಕೈಕೊಟ್ಟಿತು, ಇನ್ನೊಂದು ಮೇಜರ್ ಕಡೆ ಓಡಿದೆ. ಮೂಗಿನ ನರಗಳಿಗೆ ಮತ್ತೆ ಚಿಗುರುವ ಗುಣವಿದೆ ಎಂದು ಕ್ಲಾಸಿನಲ್ಲಿ ಮೇಡಂ ಹೇಳಿದ್ದರು. ದಿನಾ ಎರಡು ಹೊತ್ತು ಗಾಢವಾದ ವಾಸನೆಗಳನ್ನು ಮೂಸುತ್ತ, ಅವು ಮೊದಲು ಹೇಗಿದ್ದವು ಎಂದು ನೆನೆಸಿಕೊಂಡರೆ ಕೆಲವರಿಗೆ ವಾಪಸು ಬರುತ್ತದಂತೆ. ಲವಂಗ, ನಿಂಬೆ ಸಿಪ್ಪೆ, ನೀಲಗಿರಿ ಎಲೆ, ಗುಲಾಬಿ, ನಾಲ್ಕು ಡಬ್ಬಿ ಸಿದ್ಧ ಮಾಡಿದೆ. ಮೂಗಿಗೂ ಟ್ಯೂಷನ್ನಾ ಎಂದು ಅಮ್ಮ ಆಡಿಕೊಂಡು ನಕ್ಕಳು. ಆದರೆ ಒಂದು ಹೊತ್ತೂ ತಪ್ಪಿಸಲಿಲ್ಲ. ಕಣ್ಣು ಮುಚ್ಚಿ ನಿಂಬೆ ಸಿಪ್ಪೆ ಹಿಡಿದು ಕೂತ ಅಮ್ಮನನ್ನು ಕಂಡಾಗಲೆಲ್ಲ ನನಗೆ ಹೋಗಿ ತಬ್ಬಿಕೊಳ್ಳೋಣ ಅನ್ನಿಸುತ್ತಿತ್ತು, ತಬ್ಬಿಕೊಂಡರೆ ಬೈಸಿಕೊಳ್ಳುತ್ತಿದ್ದೆ.

ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಅಮ್ಮನ ನಡವಳಿಕೆ ಬದಲಾಯಿತು. ಮಗುವಿಗೆ ನೀರು ಹಾಕಲು ನಮ್ಮ ಅತ್ತೆಯನ್ನು ಕರೆಸಿಕೊಂಡಳು, ಸೊಂಟ ನೋವು ಎಂದಳು. ಮಗು ಅತ್ತರೆ ಎತ್ತಿಕೊಳ್ಳದೆ ತೊಟ್ಟಿಲು ತೂಗಿದಳು. ಅಕ್ಕ ಎರಡು ದಿನ ನೋಡಿದಳು, ಮೂರನೇ ದಿನ ನನ್ನ ಹತ್ತಿರ ಬಂದು ಕಣ್ಣೊರೆಸಿಕೊಂಡಳು. ಅಮ್ಮನಿಗೆ ನಾವು ಇಲ್ಲಿರುವುದು ಬೇಸರವಾಗಿದೆಯಾ, ಬೇಗ ಹೊರಟುಬಿಡಲಾ ಎಂದು ಕೇಳಿದಳು. ನಾನು ನೆಟ್ಟಗೆ ಹಿತ್ತಲಿಗೆ ಹೋಗಿ ಅಮ್ಮನನ್ನು ತರಾಟೆಗೆ ತೆಗೆದುಕೊಂಡೆ.

“ಮಗು ಹತ್ರ ಹೋದ್ರೆ ಟೈರ್ ಸುಟ್ಟಂಗೆ ನಾತ ಬರ್ತೈತೆ,” ಎಂದಳು ಅಮ್ಮ. “ಹೊಟ್ಟೆ ತೊಳಸುತ್ತೆ. ಯಾವ ಅಜ್ಜಿಗೆ ಹಂಗನ್ಸುತ್ತೆ ಹೇಳು.”

ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಕುಣಿದೂಬಿಟ್ಟೆ. ನಾತ ಬರುತ್ತಿದೆ ಎಂದರೆ ನರ ಚಿಗುರುತ್ತಿದೆ ಎಂದರ್ಥ! ಅಮ್ಮನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. “ನೀ ಚದುವು ಪಾಡೈಪೋನು,” ನಿನ್ನ ಓದು ಹಾಳಾಗ ಎಂದು ಬೈದವಳು ಒಗೆಯುವ ಕಲ್ಲಿನ ಮೇಲೆ ಕೂತು ಅಳತೊಡಗಿದಳು. ನನ್ನ ಕುಣಿತ ನಿಂತಿತು. ಪಕ್ಕದಲ್ಲಿ ಕೂತು ಸಮಾಧಾನವಾಗಿ ಹೇಳಿದೆ. ಹೊಸದಾಗಿ ಚಿಗುರಿದ ನರಕ್ಕೆ ಮಿದುಳಿನಲ್ಲಿ ತನ್ನ ಜಾಗ ತಕ್ಷಣ ಸಿಗುವುದಿಲ್ಲ, ಎಲ್ಲೆಲ್ಲಿಗೋ ಅಂಟಿಕೊಳ್ಳುತ್ತದೆ, ಅದಕ್ಕೇ ಒಳ್ಳೆಯ ವಾಸನೆಯೂ ನಾತವಾಗುತ್ತದೆ. ನಿನ್ನ ಪ್ರೀತಿಗೂ ಇದಕ್ಕೂ ಸಂಬಂಧವಿಲ್ಲ, ಮೆಲ್ಲಗೆ ಸರಿಹೋಗಬಹುದು ಎಂದೆ.

ಸರಿಹೋಗಬೇಕಾದರೆ ಏನು ಮಾಡಬೇಕು ಎಂದು ಕೇಳಿದಳು. ಮೂಸುತ್ತಲೇ ಇರಬೇಕು ಎಂದೆ. ಡಬ್ಬಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತು ಅದು.

ಮಾರನೆಯ ಬೆಳಗ್ಗೆ ಅಮ್ಮ ಅತ್ತೆಯನ್ನು ಕಳುಹಿಸಿ, ತಾನೇ ಮಗುವಿಗೆ ನೀರು ಹಾಕಲು ಕೂತಳು. ಒರೆಸಿದ ಮೇಲೆ ನೆತ್ತಿಗೆ ಮೂಗೊತ್ತಿ ಉಸಿರೆಳೆದುಕೊಂಡಳು. ಕಣ್ಣಲ್ಲಿ ನೀರು ಬಂತು, ಓಕರಿಕೆ ಬಂತು, ಮುಖ ಆಚೆ ತಿರುಗಿಸಿ ಸುಧಾರಿಸಿಕೊಂಡು ಮತ್ತೆ ಮೂಗೊತ್ತಿದಳು. ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ನಾನು ಎಲ್ಲವನ್ನೂ ಹೇಳಿದೆ. ಅವಳು ಅಮ್ಮನ ಬೆನ್ನ ಹಿಂದೆ ಹೋಗಿ ಕೂತು ಬೆನ್ನು ನೀವತೊಡಗಿದಳು. ಆಮೇಲೆ ಅದು ದಿನಾ ನಡೆಯಿತು.

ಐದನೇ ತಿಂಗಳಲ್ಲಿ ಭಾವ ಕಾರು ತಂದರು. ಮಡಿಲು ತುಂಬಿದ್ದಾಯಿತು, ಚೀಲಗಳೆಲ್ಲ ಡಿಕ್ಕಿ ಸೇರಿದವು. ಅಕ್ಕ ಹಿಂದಿನ ಸೀಟಿನಲ್ಲಿ ಕೂತು ಕೈಚಾಚಿದರೂ ಅಮ್ಮ ಮಗುವನ್ನು ಕೊಡದೆ, ನೆತ್ತಿಗೆ ಮೂಗೊತ್ತಿ ನಿಂತೇ ಇದ್ದಳು. ತಡೆಯಲಾಗದೆ ನಾನು, ಸರಿಹೋಯಿತಾ ಎಂದು ಕೇಳಿದೆ.

“ಎಲ್ಲಿ ಸರಿಹೋಯ್ತು, ಇನ್ನೂ ಸುಟ್ಟ ನಾತಾನೇ,” ಎಂದಳು ಅಮ್ಮ. “ಆದ್ರೆ ಊರ ಮಕ್ಕಳನ್ನೆಲ್ಲಾ ತಂದು ಸಾಲಾಗಿ ಮಲಗಿಸಿ, ನನ್ನ ಕಣ್ಣು ಕಟ್ಟಿ. ಅದ್ರಲ್ಲಿ ಇವಳ್ಯಾರು ಅಂತ ಮೂಸಿ ಹೇಳ್ತೀನಿ.”

ಅಕ್ಕ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಭಾವ ಕಾರಿನ ಎಂಜಿನ್ ಆರಿಸಿದರು.