ಎಡಗಾಲಿಗೆ ರಜೆ

ಬೆಳಕವಾಡಿಯಲ್ಲಿ ಬೆಳಗಿನ ಐದೂವರೆ. ಬಾಡಿಗೆ ಕಾರಿನ ಚಾಲಕ ಮರಿಸಿದ್ದಯ್ಯ ಸ್ಟೇರಿಂಗ್ ಹಿಡಿಯುವ ಮುಂಚೆ ಎಡಗಾಲಿನ ಚಪ್ಪಲಿ ಬಿಚ್ಚಿ ಪಕ್ಕದ ಸೀಟಿನಡಿ ತಳ್ಳುತ್ತಾರೆ. ಬಲಗಾಲಿನದು ಹಾಗೇ ಇರುತ್ತದೆ. ಡಯಾಲಿಸಿಸ್‌ಗೆ ಹೊರಟು ಹಿಂದೆ ಕುಳಿತ ಪಟ್ಟಲಮ್ಮನಿಗೆ ನಗು. "ಒಂಟಿ ಚಪ್ಲಿ ಡ್ರೈವರಣ್ಣ!"

"ಈ ಕಾಲ್ಗೆ ಕೆಲ್ಸ ಇಲ್ಲ ಅಂತ ನೆಪ್ಪಿರ್ಬೇಕಲ್ಲ ಕಣಮ್ಮ."

ಮಳವಳ್ಳಿ, ಮದ್ದೂರು ದಾಟಿ ಮಂಡ್ಯದ ಆಸ್ಪತ್ರೆಗೆ ಅರವತ್ತು ಕಿಲೋಮೀಟರ್. ವಾರಕ್ಕೆ ಆರು ದಿನ, ದಿನಕ್ಕೆ ಮೂವರು ರೋಗಿಗಳು. ಹಳೇ ಕಾರಿನಲ್ಲಿ ಒಮ್ಮೆ ಎಣಿಸಿದ್ದರಂತೆ: ಹೋಗುವಾಗಲೇ ನಾನೂರ ಹನ್ನೆರಡು ಸಲ ಕ್ಲಚ್ಚು. ಸ್ಟೇರಿಂಗ್ ಹಿಡಿದು ಇಪ್ಪತ್ತಾರು ವರ್ಷ. ಎಡಮಂಡಿ ಸವೆದಿದೆ, ಇನ್ನು ಕ್ಲಚ್ ತುಳಿಯಕೂಡದು ಎಂದರು ಡಾಕ್ಟರು. ಕೆಲಸ ಹೋದೀತೆಂದು ಮರಿಸಿದ್ದಯ್ಯ ಯಾರಿಗೂ ಹೇಳಲಿಲ್ಲ. ಗಾಡಿಗೆ ಫಿಟ್‌ನೆಸ್ ಸರ್ಟಿಫಿಕೇಟು ಕೇಳುವ ಸರ್ಕಾರ ಓಡಿಸುವವನ ಕಾಲು ಹೇಗಿದೆಯೆಂದು ಯಾವತ್ತು ಕೇಳಿದೆ?

ಅಷ್ಟರಲ್ಲಿ ಕಾರಿನ ಒಡತಿ, ಮಳವಳ್ಳಿಯ ಖುರ್ಷೀದ್ ಬೇಗಂ, ಅಗ್ಗಕ್ಕೆ ಸಿಕ್ಕಿತೆಂದು ಸೆಕೆಂಡ್‌ಹ್ಯಾಂಡ್ ಸಿವಿಟಿ ಕಾರು ತಂದರು. ಇದರಲ್ಲಿ ಕ್ಲಚ್ಚೂ ಇಲ್ಲ, ಬದಲಿಸುವ ಗೇರೂ ಇಲ್ಲ. ವೇಗಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಎರಡು ರಾಟೆ, ನಡುವೆ ಒಂದು ಬೆಲ್ಟು.

ಮೊದಲ ದಿನವೇ ಎಡವಟ್ಟು. ರಸ್ತೆಯುಬ್ಬು ಕಂಡೊಡನೆ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿ ಬ್ರೇಕನ್ನೇ ಅದುಮಿತು. ಪಟ್ಟಲಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು. "ಎಂಟು ದಿನ ನೋಡ್ತೀನಿ ಸಿದ್ದಯ್ಯ. ಆಗ್ಲಿಲ್ಲಾಂದ್ರೆ ಕೀ ಕೊಟ್ಬುಡಪ್ಪ," ಎಂದರು ಸುದ್ದಿ ಕೇಳಿದ ಬೇಗಂ. ಮಾರನೆಯ ದಿನದಿಂದ ಎಡಗಾಲು ಬರಿಗಾಲು.

ಮಳವಳ್ಳಿ ಟ್ಯಾಕ್ಸಿ ಸ್ಟ್ಯಾಂಡಿನ ಡ್ರೈವರ್ ಶಿವರಾಜು ಬಿಡುತ್ತಾರೆಯೇ? "ಮೊದ್ಲು ಅರಚ್ತದೆ, ಆಮೇಲೆ ಓಡ್ತದೆ. ಎಲೆಕ್ಷನ್ ಗಾಡಿ ಕಣ್ಲಾ ಅದು! ಗೇರಾಕ್ದೇ ಇರೋನು ಡ್ರೈವರೇನ್ಲಾ?"

"ಅರಚೋದು ದಿಟ ಕಣ್ಲಾ. ಏರಲ್ಲಿ ಜೋರಾಗಿ ಒತ್ತುದ್ರೆ ಸದ್ದು ಮುಂದೋಯ್ತದೆ, ಗಾಡಿ ಇಂದುಳೀತದೆ. ಮೆತ್ತಗೆ ಒತ್ತು, ಇಟ್ಟಿನ ಮಿಲ್ಲಿನ ಬೆಲ್ಟಂಗೆ ನಯವಾಗಿ ಓಯ್ತದೆ."

ಇವತ್ತು ಎಂಟನೇ ದಿನ. ಮಳವಳ್ಳಿಯಲ್ಲಿ ಬೇಗಂ ತಾವೇ ಮುಂದಿನ ಸೀಟಿಗೆ ಹತ್ತುತ್ತಾರೆ. ಕಾಲಿಗೇನೋ ತಗಲುತ್ತದೆ. "ಇದ್ಯಾರ್ದು ಒಂಟಿ ಚಪ್ಲಿ?"

ಮರಿಸಿದ್ದಯ್ಯ ಮಂಡಿಯ ಸಂಗತಿಯನ್ನೆಲ್ಲ ಹೇಳಿಬಿಡುತ್ತಾರೆ. ಬೇಗಂ ಮಂಡ್ಯದವರೆಗೂ ಉಬ್ಬುಗಳನ್ನೇ ನೋಡುತ್ತಾ ಕೂರುತ್ತಾರೆ.

ಮಧ್ಯಾಹ್ನ ವಾಪಸಾಗುವಾಗ ಮದ್ದೂರು ಬರುತ್ತದೆ. ಹಳೇ ಕಾರಿನ ಜಗ್ಗಾಟಕ್ಕೆ ಪಟ್ಟಲಮ್ಮ ವಾಂತಿ ಮಾಡಿಕೊಳ್ಳುತ್ತಿದ್ದುದು ಇಲ್ಲೇ. ಬೇಗಂ ಹಿಂದಕ್ಕೆ ತಿರುಗಿ ನೋಡುತ್ತಾರೆ. ಪಟ್ಟಲಮ್ಮ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ.

ಮಳವಳ್ಳಿಯಲ್ಲಿ ಇಳಿಯುವಾಗ ಬೇಗಂ ಆ ಚಪ್ಪಲಿಯನ್ನು ಕಾಲಿಂದಲೇ ಒಳಕ್ಕೆ ತಳ್ಳುತ್ತಾರೆ. "ಇಲ್ಲೇ ಇರ್ಲಿ ಬುಡು. ನಾಳೆನೂ ಬೇಕಲ್ಲ."

ಮರಿಸಿದ್ದಯ್ಯ ಎಡಮಂಡಿ ಸವರಿಕೊಳ್ಳುತ್ತಾರೆ. "ಈ ಕಾಲ್ಗೆ ಇಪ್ಪತ್ತಾರು ವರ್ಸದ ರಜೆ ಬಾಕಿ ಅದೆ. ದಿನಾ ಇಷ್ಟಿಷ್ಟೇ ಕೊಡ್ತೀನಿ."