ಹನ್ನೊಂದು ಮಂದಿ ಹೊರುವ ತೋಳು

ನಮ್ಮ ಮೈಸೂರಿನಲ್ಲಿ ಒಂದು ಕಾರಿಗೆ ಐದು ಜನ. ಇಲ್ಲಿ ಸೊಲ್ಲಾಪುರದಲ್ಲಿ ಐದೇ ಜನ ಕೂತ ಕಾರು ಕಂಡರೆ, "ಉಳದವ್ರು ಎಲ್ಲಿ ಇಳದ್ರು?" ಎಂದು ಕೇಳುತ್ತಾರೆ.

ಇದು ತಿಳಿಯದೆ ನನ್ನ ಕೆಲಸವೇ ಹೋಗುವುದರಲ್ಲಿತ್ತು. ಊರಾಚೆಯ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಕಾರಿನ ಕೆಳತೋಳು ವಿನ್ಯಾಸ ಮಾಡುತ್ತೇನೆ. ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ಉಕ್ಕಿನ ತೋಳದು. ಮುರಿಯಬಾರದು, ಭಾರವೂ ಆಗಬಾರದು. ಕಂಪ್ಯೂಟರಿನಲ್ಲಿ ಕೆತ್ತಿ ಕೆತ್ತಿ ಹಗುರ ಮಾಡಿದ ನನ್ನ ತೋಳು ಪಾಸಾದರೆ ನೌಕರಿ ಕಾಯಂ, ಇಲ್ಲದಿದ್ದರೆ ಮೈಸೂರಿನ ರೈಲು.

ರಸ್ತೆ ಪರೀಕ್ಷೆಗೆ ಕಾರು ಓಡಿಸುವವನು ಹುಲಜಂತಿಯ ಕುರಿಗಾರರ ಮನೆಯ ಬೀರಪ್ಪ. ಐದು ಜನರ ತೂಕದ ಮರಳಿನ ಚೀಲ ಹೇರಿಕೊಂಡು ಅಕ್ಕಲಕೋಟೆಗೆ ಹೋಗಿ ಬಾ ಎಂದಿದ್ದೆ.

"ಉಸುಕಿನ ಚೀಲಕ್ಕ ಅಲ್ಲೇನ್ ಕೆಲಸರಿ ಸರ?" ಎಂದವನು, ತಮ್ಮನ ಸುಪಾರಿಗೆ, ಅಂದರೆ ನಿಶ್ಚಿತಾರ್ಥಕ್ಕೆ, ಮನೆಮಂದಿಯನ್ನೇ ತುಂಬಿಕೊಂಡು ಹೊರಟ. ಚಕ್ರ ನೋಡುತ್ತಾ ನಾನು ಹಿಂದೆ ಬೈಕಿನಲ್ಲಿ ಹೋದೆ. ವಾಪಸ್ಸು ಬರುವಾಗ ಒಂದು ಗುಂಡಿಯಲ್ಲಿ ತೋಳು ಬಾಗಿತು.

ಮ್ಯಾನೇಜರು ಮರಾಠಿಯಲ್ಲಿ ಒಂದೇ ಮಾತು ಕೇಳಿದರು: "ವಜನ ಕಿತೀ ಹೋತಂ?" ಭಾರ ಎಷ್ಟಿತ್ತು? ಅದು ಗೊತ್ತಾಗದೆ ತೋಳು ತಿದ್ದುವಂತಿಲ್ಲ. ನನ್ನ ನೆನಪಿಗೆ ಒಂಬತ್ತು ಜನ. ಬೀರಪ್ಪ ಹನ್ನೊಂದೆಂದ. ಅವನ ಸೋದರತ್ತೆ ಶಾಂತವ್ವ, "ಸಣ್ಣವ್ರನ್ನ ಎಣಸಬ್ಯಾಡ್ರಿ, ದೃಷ್ಟಿ ಆಗ್ತದ" ಎಂದು ಲೆಕ್ಕವನ್ನೇ ನಿಲ್ಲಿಸಿದರು.

ಕೊನೆಗೆ ಎಲ್ಲರನ್ನೂ ಕರೆಸಿ, ಕಾರನ್ನು ಲಾರಿ ತೂಗುವ ಕಾಟಾದ ಮೇಲೆ ನಿಲ್ಲಿಸಿ, ಅಂದು ವಾಪಸ್ಸು ಬರುವಾಗ ಕೂತಂತೆಯೇ ಕೂರಲು ಹೇಳಿದೆ. ಹತ್ತು ಮಂದಿ ಕೂತರು. ಕಿಟಕಿಯ ಬಳಿ ಗೇಣಗಲ ಜಾಗ ಉಳಿಯಿತು.

"ಯಾರು ಬಂದಿಲ್ಲ?" ಎಂದೆ.

"ನೀವ ಬಂದಿಲ್ರಿ!" ಎಂದರು ಶಾಂತವ್ವ. "ಅವತ್ತ ಅರ್ಧಾ ನನ್ನ ತೊಡಿ ಮ್ಯಾಲೆ ಕುಂತಿದ್ರಿ. ಇನ್ನೂ ನೋವದ."

"ನಾನು ಬೈಕಿನಲ್ಲಿದ್ದೆನಲ್ಲ?"

"ಹೋಗೂಮುಂದ ಬೈಕ್ ಖರೆ," ಬೀರಪ್ಪ ನಕ್ಕ. "ಬರೂಮುಂದ ಅದನ್ನ ಹೊಡದಾಂವ ನಮ್ಮ ಕಾಕಾ. ಬೀಗರ ಹೋಳಿಗಿ ಉಂಡು ನಿಮಗ ನಿದ್ದಿ ಬಂದಿತ್ತು."

ಹೊರಗೆ ನಿಂತಿದ್ದ ಕಾಕಾ ಗಂಭೀರವಾಗಿ ಹೌದೆಂದು ತಲೆಯಾಡಿಸಿದ.

ಎಂ.ಟೆಕ್ ಓದಿದವನು ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದು. ಇಲ್ಲಿ ಹನ್ನೊಂದು ಸಾಕ್ಷಿಗಳಿದ್ದರು. ಮೈಸೂರಿನಲ್ಲಾಗಿದ್ದರೆ ಅಷ್ಟು ಒತ್ತಿಕೊಂಡು ಕೂರಲು ಹತ್ತು ಸಲ ಕ್ಷಮೆ ಕೇಳುತ್ತಿದ್ದೆ. ಇಲ್ಲಿ ಶಾಂತವ್ವ, "ಸರಕೋತೀನಿ, ಬರ್ರಿ" ಎಂದರು. ಸರಿಯಲು ಮಾತ್ರ ಜಾಗವಿರಲಿಲ್ಲ. ಹತ್ತಿ ಕೂತೆ. ಕಾಟಾದವನು ಅಂಕಿ ಕೂಗಿದ.

ಕೆತ್ತಿ ತೆಗೆದಿದ್ದ ಉಕ್ಕಿನಲ್ಲಿ ಸ್ವಲ್ಪವನ್ನು ತೋಳಿಗೆ ಮರಳಿ ಕೊಟ್ಟೆ. ಅದು ಪಾಸಾಯಿತು, ನಾನು ಕಾಯಂ ಆದೆ. ವರದಿಯ ಪ್ರಕಾರ ಅಂದು ನಾನು ಗಾಡಿಯೊಳಗಿದ್ದೆ, ಹನ್ನೊಂದನೆಯವನಾಗಿ. ನನ್ನ ನೆನಪಿನಲ್ಲಿ ಮಾತ್ರ ಇವತ್ತಿಗೂ ಬೈಕಿನ ಮೇಲೆ, ಅವರೆಬ್ಬಿಸಿದ ಧೂಳು ಕುಡಿಯುತ್ತಾ ಹಿಂದೆ ಹಿಂದೆಯೇ ಬರುತ್ತಿದ್ದೇನೆ.