ಅಕ್ಕನ ಕೆನ್ನೆಗೆ ಹಿಡಿದ ಬಣ್ಣದ ಪಟ್ಟಿ

ಘನತೆವೆತ್ತ ಓದುಗರ ಸಮ್ಮುಖದಲ್ಲಿ ಒಪ್ಪಿಕೊಳ್ಳುತ್ತೇನೆ: ನಾನೊಬ್ಬ ಕಳ್ಳ. ಅಕ್ಕನ ಬೆಳ್ಳಗಾಗುವ ಕ್ರೀಮಿನ ಡಬ್ಬಿಯೊಳಗಿದ್ದ ಕಾಗದದ ಪಟ್ಟಿಯನ್ನು ಕದ್ದವನು ನಾನೇ. ಇವತ್ತು ಅಂಗಡಿಯಲ್ಲಿ ಯಾರೋ ಅಂಥದೇ ಕ್ರೀಮಿನ ಮುಚ್ಚಳ ತೆಗೆದರು. ಆ ವಾಸನೆ ನನ್ನನ್ನು ನೇರವಾಗಿ ಹಳಿಯಾಳದ ನಮ್ಮ ಓಣಿಗೆ ಒಯ್ದಿತು.

ಪಟ್ಟಿಯ ಮೇಲೆ ಕಂದು ಬಣ್ಣದಿಂದ ಬಿಳಿಯವರೆಗೆ ನಂಬರ್ ಹಾಕಿದ ಚೌಕಗಳಿದ್ದವು. ಕೆನ್ನೆಗೆ ಹಿಡಿದು ನಂಬರ್ ನೋಡಬೇಕು. ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದ ಹೆಂಗಸರ ಕೆನ್ನೆಗಳನ್ನು ಅಳೆಯುತ್ತ, ಓಣಿಯ ವರ್ಣವ್ಯವಸ್ಥೆಗೆ ನಾನೇ ಅಧಿಪತಿಯಾದೆ.

“ಕಬ್ಬಿನ ಗದ್ದ್ಯಾಗ ಸುಟ್ಟ ಮಾರಿ ಐತೋ, ನಿನ್ನ ಪಟ್ಟಿ ಸಾಲಂಗಿಲ್ಲ,” ಎಂದು ಚಿಕ್ಕವ್ವ ನಕ್ಕಳು.

ಜಾಹೀರಾತು ನಂಬಿ ಆರು ವಾರ ಕ್ರೀಮು ತಿಕ್ಕಿಕೊಂಡಿದ್ದ ಅಕ್ಕ ತಾನಾಗಿಯೇ ಕೆನ್ನೆ ಒಡ್ಡಿದಳು. “ಎಷ್ಟಕ್ಕ ಬಂದೈತಿ ನೋಡೋ ತಮ್ಮಾ.”

“ನೀ ಇನ್ನೂ ಪಟ್ಟಿಯೊಳಗ ಬಂದಿಲ್ಲಬೇ ಅಕ್ಕಾ!”

ಇಡೀ ಕಟ್ಟೆ ನಕ್ಕಿತು. ಅಕ್ಕನೂ ನಕ್ಕಳು.

ಆ ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಕಿಟಕಿಯ ಬಳಿ ಹಾಸಿದ್ದ ಚಾಪೆ ಬಿಟ್ಟು ಅಕ್ಕ ಮೂಲೆಯ ಕತ್ತಲಲ್ಲಿ, ಭತ್ತದ ಚೀಲಗಳ ಪಕ್ಕ ಕುಳಿತಳು.

“ಬೆಳಕಿಗೆ ಬಾರವಾ, ಮಾರಿ ಕಾಣವಲ್ದು,” ಎಂದಳು ಗಂಡಿನ ತಾಯಿ.

ಅಕ್ಕ ಏಳಲೇ ಇಲ್ಲ. ಅವಲಕ್ಕಿ ತಿಂದು “ತಿಳಸ್ತೇವ್ರಿ” ಎಂದು ಹೋದವರು ಏನನ್ನೂ ತಿಳಿಸಲಿಲ್ಲ.

ನಾನು ಬಣ್ಣ ನೋಡಿ ಮದುವೆಯಾದವನಲ್ಲ ಎಂದು ಈಗ ಸಭೆಗಳಲ್ಲಿ ಎದೆ ತಟ್ಟಿ ಹೇಳುತ್ತೇನೆ. ಚಪ್ಪಾಳೆಯೂ ಬೀಳುತ್ತದೆ. ಆದರೆ ನಾನು ಹೆಣ್ಣು ನೋಡಲು ಹೋದ ದಿನ, “ಇಲ್ಲೆ ಕತ್ತಲೈತ್ರಿ, ಹೊರಗ ಕೂಡೂಣು” ಎಂದವನು ನಾನೇ. ಪಕ್ಕದಲ್ಲಿ ಅಕ್ಕ ಕುಳಿತಿದ್ದುದು ನನಗೆ ಮರೆತೇಹೋಗಿತ್ತು.